ಬಯಲು ಸೀಮೆಯ ಪರಿಸರ ಓದಲು ಎಲ್ಲೆಲ್ಲಿ ಹುಡುಕಬೇಕು

ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆಯ ಕಾಲೇಜು ಹುಡುಗ ಹುಡುಗಿಯರು ಸಿಕ್ಕಾಗ ಒಂದು ಮಾತು ಪದೇ ಪದೇ ಕೇಳುತ್ತಾರೆ. ‘ಸರ್, ಪರಿಸರ, ಪ್ರಾಣಿ-ಪಕ್ಷಿ ಬಗ್ಗೆ ಓದಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡೋದು? ಮಾಹಿತಿ ಎಲ್ಲಿ ಸಿಗುತ್ತೆ?’ ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. ‘ನಮ್ಮ ಕಡೆ ಅಂಥದ್ದೇನೂ ಇಲ್ಲ ಅಲ್ವಾ ಸರ್? ಪ್ರಾಜೆಕ್ಟ್ ಮಾಡೋಕೆ ದಾಂಡೇಲಿಗೋ ಆಗುಂಬೆಗೋ ಹೋಗಬೇಕೇನೋ.’

ಎರಡನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಮ್ಮ ಕಡೆ ಇದೆ. ಬೇಕಾದಷ್ಟಿದೆ. ಆದರೆ ದಟ್ಟ ಕಾಡಿನ ರೂಪದಲ್ಲಿ ಇಲ್ಲ, ಹಾಗಾಗಿ ಲೆಕ್ಕಕ್ಕೆ ಬಂದಿಲ್ಲ. ಪಠ್ಯಪುಸ್ತಕದಲ್ಲಿ ಪರಿಸರ ಅಂದ್ರೆ ಪಶ್ಚಿಮ ಘಟ್ಟ, ಜಡಿಮಳೆ, ಹುಲಿ, ಆನೆ. ನಮ್ಮದು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನೆಲ. ಎರೆ ಹೊಲ, ಮಸಾರಿ ಹೊಲ, ಬಂಡೆಗುಡ್ಡ, ಕುರುಚಲು ಗಿಡ, ಹುಲ್ಲು. ಕೇಂದ್ರ ಸರ್ಕಾರ ಹೊರತರುವ ಬಂಜರು ಭೂಮಿಯ ಅಟ್ಲಾಸ್ ತೆಗೆದು ನೋಡಿ. ಕುರುಚಲು ಗಿಡದ ನೆಲಕ್ಕೆ ಒಂದು ವರ್ಗ, ಬರಡು ಕಲ್ಲಿನ ಪ್ರದೇಶಕ್ಕೆ ಇನ್ನೊಂದು ವರ್ಗ. ಕರಡಿ, ಚಿರತೆ, ತೋಳ ಓಡಾಡುವ ನಮ್ಮ ಗುಡ್ಡ-ಬಯಲು ಇಂಥ ವರ್ಗಗಳಿಗೇ ಸೇರುವಂಥವು. ಕಾಗದದಲ್ಲಿ ಒಮ್ಮೆ ಬಂಜರು ಅಂತ ಆದ ಮೇಲೆ ಸೋಲಾರ್ ಪಾರ್ಕಿಗೂ ಅದೇ ಸಿಗುತ್ತದೆ, ಕಾರ್ಖಾನೆಗೂ ಅದೇ, ನೀಲಗಿರಿ ನೆಡುವವರಿಗೂ ಅದೇ. ಅಲ್ಲಿ ಏನಿತ್ತು ಎಂದು ಬರೆದಿಟ್ಟವರು ಇಲ್ಲದಿದ್ದರೆ ಬೇಡ ಎನ್ನಲು ಯಾರ ಕೈಯಲ್ಲೂ ಆಧಾರ ಇರುವುದಿಲ್ಲ. ನಾನು ಈ ಬರಹ ಬರೆಯಲು ಕಾರಣವೇ ಇದು.

ಇಂಥ ಬಯಲುಗಳು ಹಾಳುಭೂಮಿ ಅಲ್ಲ, ಅವೂ ಒಂದು ಪೂರ್ಣ ಜೀವಜಾಲ ಎಂದು ಈಗ ಸಂಶೋಧಕರು ಗಟ್ಟಿಯಾಗಿ ಹೇಳುತ್ತಿದ್ದಾರೆ. ಎಂ. ಡಿ. ಮಧುಸೂದನ್ ಮತ್ತು ಅಬಿ ವನಕ್ ಅವರು ದೇಶದ ಅರೆ ಒಣ ಬಯಲುಗಳ ನಕ್ಷೆಯನ್ನೇ ಮಾಡಿದ್ದಾರೆ. ಅವರ ಲೆಕ್ಕದಲ್ಲಿ ಭಾರತದ ನೆಲದಲ್ಲಿ ಸುಮಾರು ಶೇಕಡ 10ರಷ್ಟು ಇಂಥದ್ದು. ಆ ನಕ್ಷೆ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇದೆ. ಮೊದಲು ಅದರಲ್ಲಿ ನಿಮ್ಮ ಊರು ಹುಡುಕಿ. ಯಾವ ಪುಸ್ತಕ ಓದುವುದಕ್ಕೂ ಮುಂಚೆ ಅದನ್ನೇ ಮಾಡಿ ಅಂತ ನನ್ನ ಸಲಹೆ.

ಇಲ್ಲಿ ಏನೇನಿದೆ ಎಂದು ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳುತ್ತೇನೆ. ದರೋಜಿ ಕರಡಿಧಾಮ 1994ರಲ್ಲಿ ಆಯಿತು, 2009ರಲ್ಲಿ ಹಿಗ್ಗಿತು, ಈಗ ಸುಮಾರು 82 ಚದರ ಕಿಲೋಮೀಟರ್. ಅದೇ ಬಂಡೆಗಳಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟರೆ ಈ ಹಕ್ಕಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವು 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಗಂಗಾವತಿ ತಾಲ್ಲೂಕಿನ ಬಂಕಾಪುರದ ಹತ್ತಿರ 332 ಹೆಕ್ಟೇರ್ ಕುರುಚಲು ನೆಲ ತೋಳಧಾಮವಾಗಿದೆ. ತೋಳಕ್ಕೆಂದೇ ಜಾಗ ಬಿಟ್ಟದ್ದು ದೇಶದಲ್ಲಿ ಬಹಳ ಅಪರೂಪ. ಜಾರ್ಖಂಡಿನ ಮಹುವಾಡಾನ್‌ನಲ್ಲಿ 1976ರಲ್ಲಿ ಹಾಗೆ ಮಾಡಿದ್ದರು. ಸಿರುಗುಪ್ಪದ ಎರೆ ಹೊಲಗಳಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಬೆರಳೆಣಿಕೆಯಷ್ಟು ಉಳಿದಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ 2024ರ ಜನವರಿಯಲ್ಲಿ, ಜಗತ್ತಿನ ಮಹತ್ವದ ಜೌಗುನೆಲಗಳಿಗೆ ಕೊಡುವ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಕೆರೆ 100 ಹೆಕ್ಟೇರ್ ಕೂಡ ಇಲ್ಲ. ನೀರಿನಲ್ಲಿ ನಿಂತ ಜಾಲಿ ಮರಗಳ ತುಂಬಾ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಆ ತಾಲ್ಲೂಕು ಈಗ ವಿಜಯನಗರ ಜಿಲ್ಲೆಗೆ ಸೇರಿದೆ. 2021ಕ್ಕೂ ಮುಂಚೆ ಬಳ್ಳಾರಿಯಲ್ಲೇ ಇತ್ತು.

ಜಿಲ್ಲೆಯ ಗಡಿ ಹೀಗೆ ಬದಲಾಗುವುದು ಸಣ್ಣ ವಿಷಯ ಅಲ್ಲ. ನಮ್ಮ ಕಡೆಯ ಹಳೆಯ ದಾಖಲೆ ಹುಡುಕುವವರು ಎಡವುವುದೇ ಇಲ್ಲಿ. ‘ಕರ್ನಾಟಕ’ ಎಂದೋ ‘ಮೈಸೂರು’ ಎಂದೋ ಹುಡುಕಿದರೆ ಏನೂ ಸಿಗುವುದಿಲ್ಲ. ಯಾಕಂದ್ರೆ ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿನಲ್ಲಿದ್ದವು. ಸಂಡೂರು ತನ್ನದೇ ರಾಜರ ಸಂಸ್ಥಾನ, 1949ರಲ್ಲಿ ಬಳ್ಳಾರಿ ಜಿಲ್ಲೆಗೆ ಸೇರಿತು. ಕೊಪ್ಪಳ ಜಿಲ್ಲೆಯಾದದ್ದಂತೂ 1997ರಲ್ಲಿ. ಅಂದರೆ ತುಂಗಭದ್ರೆಯ ಈ ದಡದ ಗುಡ್ಡದ ಬಗ್ಗೆ ಮದ್ರಾಸಿನವರು ಬರೆದಿದ್ದಾರೆ, ಆ ದಡದ ಗುಡ್ಡದ ಬಗ್ಗೆ ನಿಜಾಮರ ಕಡೆಯವರು. ಗುಡ್ಡ ಒಂದೇ, ಕರಡಿಯೂ ಒಂದೇ, ಕಡತ ಮಾತ್ರ ಬೇರೆ ಬೇರೆ ಊರಿನಲ್ಲಿ.

ಬಳ್ಳಾರಿಯ ಗಿಡಮರ ಬೇಕಾದರೆ ಗ್ಯಾಂಬಲ್ ಶುರು ಮಾಡಿದ ಮದ್ರಾಸ್ ಪ್ರೆಸಿಡೆನ್ಸಿಯ ಸಸ್ಯಗಳ ಸಂಪುಟ ನೋಡಬೇಕು. 1915ರಿಂದ 1936ರವರೆಗೆ ಭಾಗ ಭಾಗವಾಗಿ ಬಂತು, ಕೊನೆಯ ಭಾಗಗಳನ್ನು ಫಿಶರ್ ಮುಗಿಸಿದರು. ಗಿಡದ ವಿವರದ ಕೊನೆಗೆ ಎಲ್ಲಿ ಸಿಗುತ್ತದೆ ಎಂದು ಒಂದು ಸಾಲು ಇರುತ್ತದೆ. ಅದರಲ್ಲಿ ಬಳ್ಳಾರಿ ಹೆಸರು ಹುಡುಕುತ್ತಾ ಹೋಗಿ. ಡಬ್ಲ್ಯೂ. ಫ್ರಾನ್ಸಿಸ್ ಬರೆದ 1904ರ ಬಳ್ಳಾರಿ ಗೆಜೆಟಿಯರ್‌ನಲ್ಲಿ ಕಾಡಿನ ಅಧ್ಯಾಯ ಇದೆ, ಮಳೆ-ಬರದ ಮಾತು ಇದೆ. ಅದು ಕಂದಾಯ ಅಧಿಕಾರಿಗಳ ಕಣ್ಣಿನಿಂದ ಬರೆದದ್ದು, ಅಲ್ಲಿಯೂ ಹುಲ್ಲುಗಾವಲಿಗೆ ಬೆಲೆ ಕಡಿಮೆ. ಆದರೂ 120 ವರ್ಷದ ಹಿಂದೆ ನಿಮ್ಮ ತಾಲ್ಲೂಕು ಹೇಗಿತ್ತು ಎಂದು ಹೇಳುವ ಇನ್ನೊಂದು ಬರಹ ಸುಲಭಕ್ಕೆ ಸಿಗದು. ಇನ್ನು ನಿಜಾಮರ ಸೀಮೆಯ ಹಕ್ಕಿಗಳಿಗೆ ಸಲೀಂ ಅಲಿ ಬೇಕು. 1931-32ರಲ್ಲಿ ಅವರು ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಅದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತು ಕಂತಾಗಿ ಅಚ್ಚಾಯಿತು. ಇವನ್ನೆಲ್ಲ ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಮತ್ತು ಇಂಟರ್ನೆಟ್ ಆರ್ಕೈವ್ ತಾಣಗಳಲ್ಲಿ ಹಳೆಯ ಸಂಪುಟಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಊರಿನ ಹೆಸರನ್ನು ಇಂಗ್ಲಿಷರು ಬರೆಯುತ್ತಿದ್ದ ಹಾಗೆ ಬರೆದು ಹುಡುಕಿ. ಬೆಲ್ಲಾರಿ, ಹೊಸ್ಪೇಟ್, ಕೊಪ್ಪಲ್. ನಾಲ್ಕೈದು ರೀತಿ ಬದಲಿಸಿ ಬದಲಿಸಿ ನೋಡಿದರೆ ಬಾಗಿಲು ತೆರೆಯುತ್ತದೆ.

ಈಗಿನ ಕಾಲದ ಗಿಡಗಳಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆಸಿಬಿ ಹರ್ಬೇರಿಯಂ, ಅಂದರೆ ಒಣಗಿಸಿಟ್ಟ ಸಸ್ಯಗಳ ಸಂಗ್ರಹ, ಇದೆ. ಅವರು ಕರ್ನಾಟಕದ ಸಸ್ಯಗಳನ್ನು ಫೋಟೋ ಸಮೇತ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ. ಕಾರೆ, ಬೋರೆ, ತಂಗಡಿ, ದಿಂಡುಗ, ಕಮರ, ಎಲ್ಲದರ ವೈಜ್ಞಾನಿಕ ಹೆಸರು ಅಲ್ಲಿ ಖಚಿತ ಮಾಡಿಕೊಳ್ಳಬಹುದು. ಬಳ್ಳಾರಿ ಜಾಲಿಯನ್ನು ಮಾತ್ರ ನಮ್ಮ ಗಿಡ ಅಂದುಕೊಳ್ಳಬೇಡಿ. ಅದು ಅಮೆರಿಕ ಖಂಡದ ಗಿಡ. 1870ರ ದಶಕದಲ್ಲಿ ಜಮೈಕಾದಿಂದ ಬೀಜ ತರಿಸಿ ಕಡಪ ಸೀಮೆಯಲ್ಲಿ ಬಿತ್ತಿದರು. ಈಗ ಕೆರೆಯಂಗಳ, ಹಳ್ಳದ ದಂಡೆ, ಗೋಮಾಳ ಎಲ್ಲ ಅದರದೇ. ಒಂದು ಕೆರೆಯಂಗಳದಲ್ಲಿ ಅದು ಎಷ್ಟು ಜಾಗ ಹಿಡಿದಿದೆ, ಅದರ ಕೆಳಗೆ ಯಾವ ಹುಲ್ಲು ಉಳಿದಿದೆ, ಆಡು-ಕುರಿಗಳಿಗೆ ಅದರ ಕಾಯಿಯಿಂದ ಏನು ಲಾಭ, ಇದ್ದಿಲು ಸುಡುವವರಿಗೆ ಏನು ಸಿಗುತ್ತದೆ, ಇಷ್ಟನ್ನು ಸರಿಯಾಗಿ ನೋಡಿದರೆ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಬೇರುಸಹಿತ ಕಿತ್ತು ಹಾಕಿ ಎನ್ನುವವರೂ ಇದ್ದಾರೆ, ಅದರಿಂದಲೇ ಒಲೆ ಉರಿಯುವ ಮನೆಗಳೂ ಇವೆ. ಎರಡೂ ಕಡೆ ಕೂತು ಕೇಳಿ.

ಹಕ್ಕಿಗಳಿಗೆ ಇ-ಬರ್ಡ್, ಉಳಿದ ಎಲ್ಲ ಜೀವಿಗಳಿಗೆ ಐನ್ಯಾಚುರಲಿಸ್ಟ್ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್. ಇವು ಜನ ತಾವು ಕಂಡದ್ದನ್ನು ದಾಖಲಿಸುವ ತಾಣಗಳು, ಬಹಳ ಜನರಿಗೆ ಗೊತ್ತಿರುವಂಥವು, ಜಾಸ್ತಿ ಹೇಳುವುದಿಲ್ಲ. ಇವನ್ನು ತೆರೆದಾಗ ಖಾಲಿ ಜಾಗ ನೋಡಿ ಎಂದಷ್ಟೇ ನನ್ನ ಮಾತು. ಹಂಪಿ, ದರೋಜಿ ಸುತ್ತ ಹಕ್ಕಿಪಟ್ಟಿಗಳ ರಾಶಿ ಇದೆ. ದೇವದುರ್ಗ, ಲಿಂಗಸುಗೂರು, ಯಲಬುರ್ಗಾ ಕಡೆ ಬಹಳ ಕಡಿಮೆ. ದರೋಜಿಯ ಇನ್ನೊಂದು ಪಟ್ಟಿಗಿಂತ ಯಲಬುರ್ಗಾದ ಒಂದು ಸಣ್ಣ ಕೆರೆಯ ಪಟ್ಟಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬಂದ ‘ಸೆಳೆವ’ ಎಂಬ ಬೇಟೆಹಕ್ಕಿಗಳು ನಮ್ಮ ಜೋಳ-ಕಡಲೆ ಹೊಲಗಳ ಮೇಲೆ ತಗ್ಗಿನಲ್ಲಿ ಹಾರುತ್ತಾ ಇರುತ್ತವೆ. ರೈತರು ದಿನಾ ನೋಡುತ್ತಾರೆ. ದಾಖಲಿಸುವವರು ಬಹಳ ಕಡಿಮೆ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ, ಫೆಬ್ರುವರಿಯಲ್ಲಿ ಕ್ಯಾಂಪಸ್ ಹಕ್ಕಿ ಎಣಿಕೆ. ಕಾಲೇಜಿನಲ್ಲಿ ಇಬ್ಬರು ಮೂವರು ಸೇರಿದರೆ ಸಾಕು, ಭಾಗವಹಿಸಬಹುದು. ಹಕ್ಕಿ ಗುರುತು ಹೊಸದಾಗಿ ಕಲಿಯುವವರಿಗೆ ಅರ್ಲಿ ಬರ್ಡ್ ಎಂಬ ತಂಡ ಕನ್ನಡದಲ್ಲಿಯೂ ಚಿತ್ರಪಟ, ಕೈಪಿಡಿ ಮಾಡಿದೆ.

ಇಂಗ್ಲಿಷ್ ಸಂಶೋಧನಾ ಲೇಖನ ಓದಲು ನಮ್ಮ ಹುಡುಗರಿಗೆ ಭಯ. ನಿಜ, ಮೊದಲು ಕಷ್ಟ ಆಗುತ್ತದೆ. ನಾನು ಹೇಳುವುದು ಶೋಧಗಂಗಾದಿಂದ ಶುರು ಮಾಡಿ ಅಂತ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ ಪ್ರಬಂಧಗಳು ಅಲ್ಲಿ ಪೂರ್ತಿ ಸಿಗುತ್ತವೆ. ಗುಲ್ಬರ್ಗಾ ವಿಶ್ವವಿದ್ಯಾಲಯ, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಎಂದು ಹುಡುಕಿದರೆ ನೀವು ಬಸ್ಸಿನಲ್ಲಿ ದಾಟಿ ಹೋಗುವ ಕೆರೆಯ ಮೇಲೆಯೇ ಯಾರೋ ಕೆಲಸ ಮಾಡಿದ್ದು ಕಾಣಬಹುದು. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ ಕೃಷಿಕೋಶ ಎಂಬ ಬೇರೆ ತಾಣ ಇದೆ. ಊರಿನ ಹೆಸರು, ಕೆರೆಯ ಹೆಸರು ಪರಿಚಯ ಇದ್ದಾಗ ಇಂಗ್ಲಿಷ್ ಅರ್ಧ ಹಗುರಾಗುತ್ತದೆ. ಆಮೇಲೆ ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾ, ಇಂಡಿಯನ್ ಬರ್ಡ್ಸ್, ಕರೆಂಟ್ ಸೈನ್ಸ್ ಕಡೆ ಹೋಗಿ. ಮೂರೂ ಪುಕ್ಕಟೆ ಓದಲು ಸಿಗುತ್ತವೆ. ಒಬ್ಬರೇ ಓದಬೇಡಿ. ವಾರಕ್ಕೊಂದು ಲೇಖನ ಹಿಡಿದು ನಾಲ್ಕು ಜನ ಕೂತು ಕನ್ನಡದಲ್ಲಿ ಮಾತಾಡಿ.

ಸಂಡೂರಿನ ವಿಷಯ ಬೇರೆಯೇ ಹೇಳಬೇಕು. ಪರಿಸರದ ವಿದ್ಯಾರ್ಥಿಗೆ ಸಂಡೂರಿನಷ್ಟು ದಾಖಲೆ ಇರುವ ಜಾಗ ರಾಜ್ಯದಲ್ಲಿ ಕಡಿಮೆ. ಗೂಗಲ್ ಅರ್ತ್‌ನಲ್ಲಿ 1984ರಿಂದ ಈಚೆಗೆ ವರ್ಷ ವರ್ಷದ ಚಿತ್ರ ಓಡಿಸಿ ನೋಡಬಹುದು. ಚೀನಾದಿಂದ ಕಬ್ಬಿಣದ ಅದಿರಿಗೆ ಬೇಡಿಕೆ ಏರಿದ ವರ್ಷಗಳಲ್ಲಿ ಸಂಡೂರಿನ ಹಸಿರು ಬೆಟ್ಟಗಳ ನೆತ್ತಿ ಕೆಂಪಾಗುತ್ತಾ ಹೋಗುವುದು ಎದ್ದು ಕಾಣುತ್ತದೆ. ಇನ್ನೂ ವಿವರ ಬೇಕಾದರೆ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳಿವೆ, 1972ರಿಂದ ಈಚಿನವು. 2015ರ ನಂತರದ್ದಕ್ಕೆ ಸೆಂಟಿನೆಲ್ ಇದೆ, 10 ಮೀಟರ್‌ನಷ್ಟು ಸೂಕ್ಷ್ಮ. ನಮ್ಮ ಇಸ್ರೋದ ಭುವನ್ ಕೂಡ ಇದೆ. ಎಲ್ಲ ಪುಕ್ಕಟೆ. ಕಂಪ್ಯೂಟರ್ ಲ್ಯಾಬ್ ಇರುವ ಯಾವ ಕಾಲೇಜಿನಲ್ಲಾದರೂ ಮಾಡಬಹುದಾದ ಕೆಲಸ.

ಚಿತ್ರದ ಜೊತೆಗೆ ಕಡತ ಓದಿ. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತದ ಅಂತಿಮ ವರದಿ 2011ರ ಜುಲೈನಲ್ಲಿ ಬಂತು. ಅದೇ ತಿಂಗಳು 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಕೋರ್ಟಿಗೆ ವರದಿ ಕೊಡುವ ಕೇಂದ್ರ ಉನ್ನತಾಧಿಕಾರ ಸಮಿತಿ ಒಂದೊಂದೇ ಗಣಿಯ ಗಡಿ ಅಳೆಸಿತು. ಒತ್ತುವರಿ ಎಷ್ಟು ಎಂಬುದರ ಮೇಲೆ ಎ, ಬಿ, ಸಿ ಎಂದು ಭಾಗ ಮಾಡಿತು. 2013ರ ಏಪ್ರಿಲ್‌ನ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ವಿದ್ಯಾರ್ಥಿಗಳು ಬಿಡದೆ ಓದಬೇಕಾದದ್ದು ಇಲ್ಲಿಂದ ಮುಂದಿನದು. ಒಂದು ಜಿಲ್ಲೆಯ ಬೆಟ್ಟ, ರಸ್ತೆ, ಗಾಳಿ, ಕಾಡು ವರ್ಷಕ್ಕೆ ಎಷ್ಟು ಅದಿರು ತೆಗೆಯುವುದನ್ನು ತಾಳಿಕೊಳ್ಳಬಲ್ಲವು? ಡೆಹ್ರಾಡೂನಿನ ಅರಣ್ಯ ಸಂಶೋಧನಾ ಪರಿಷತ್ತು ಈ ಪ್ರಶ್ನೆ ಇಟ್ಟುಕೊಂಡು ಅಧ್ಯಯನ ಮಾಡಿತು. ಅದರ ಮೇಲೆ ಬಳ್ಳಾರಿಗೆ ವರ್ಷಕ್ಕೆ 25 ದಶಲಕ್ಷ ಟನ್ನಿನ ಮಿತಿ ಬಂತು. ಆಮೇಲೆ 28 ಆಯಿತು, 2022ರಲ್ಲಿ 35 ಆಯಿತು. ತಾಳಿಕೆಯ ಮಿತಿ ಎನ್ನುವುದು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಇಲ್ಲಿ ಅದೇ ಮಿತಿಯ ಮೇಲೆ ಲಾರಿಗಳು ಓಡುತ್ತವೆ. ಆ ಅಂಕಿ ಯಾಕೆ ಏರಿತು, ಏರಿಸುವಾಗ ಯಾರು ಏನು ವಾದ ಮಾಡಿದರು, ನಾರಿಹಳ್ಳದ ನೀರಿಗೂ ಕುಮಾರಸ್ವಾಮಿ ಬೆಟ್ಟದ ಕಾಡಿಗೂ ಅದರಿಂದ ಏನಾಗುತ್ತದೆ ಎಂದು ಯೋಚಿಸುವವರು ನಮ್ಮ ಜಿಲ್ಲೆಯವರೇ ಆಗಬೇಕು. ನನಗೆ ಅಂತೂ 35 ಎಂಬ ಅಂಕಿ ನೆಮ್ಮದಿ ಕೊಟ್ಟಿಲ್ಲ.

ಇದೇ ಜಾತಿಯ ಇನ್ನೊಂದು ಪಠ್ಯ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ದೊಡ್ಡ ಕಾರ್ಖಾನೆ, ಗಣಿ, ವಿದ್ಯುತ್ ಘಟಕ ಬರುವಾಗ 2006ರ ಅಧಿಸೂಚನೆಯ ಪ್ರಕಾರ ಪರಿಸರದ ಮೇಲಿನ ಪರಿಣಾಮದ ವರದಿ ಮಾಡಿಸಬೇಕು, ಬಹುಪಾಲು ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯೂ ಆಗಬೇಕು. ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಯಂಥ ಕಡೆ ನೋಡಲು ಸಿಗಬೇಕು. ಅದರ ಸಾರಾಂಶ ಕನ್ನಡದಲ್ಲೂ ಇರಬೇಕು. ಹೋಗಿ ಕೇಳಿ. ವಿದ್ಯಾರ್ಥಿ ಎಂದು ಹೇಳಿ, ಗೌರವದಿಂದ ಕೇಳಿ, ಕೊಡುತ್ತಾರೆ.

ಓದುವಾಗ ನೇರವಾಗಿ ಜೀವಿಗಳ ಪಟ್ಟಿಗೆ ಹೋಗಿ. ಯಾವ ತಿಂಗಳಲ್ಲಿ ನೋಡಿದ್ದಾರೆ ಎಂಬುದು ಮೊದಲ ಪ್ರಶ್ನೆ. ಬೇಸಿಗೆಯ ಒಂದೇ ಕಾಲದಲ್ಲಿ ನೋಡಿದ್ದರೆ ಚಳಿಗಾಲದ ವಲಸೆ ಹಕ್ಕಿಗಳು ಪಟ್ಟಿಗೆ ಬರುವುದೇ ಇಲ್ಲ. ಹುಲ್ಲಿನ ಹೆಸರು ಇದೆಯೇ, ಇಲ್ಲ ಬರೀ ‘ಹುಲ್ಲು’ ಎಂದು ಬಿಟ್ಟಿದ್ದಾರೆಯೇ? ಪಟ್ಟಿಯಲ್ಲಿ ನಮ್ಮ ಸೀಮೆಗೇ ಸೇರದ ಪ್ರಾಣಿ ಇದೆಯೇ? ಕುರಿಗಾಹಿಗಳು ಅಲ್ಲಿ ಮೇಯಿಸುತ್ತಾರೆ ಎಂಬ ಮಾತು ಎಲ್ಲಾದರೂ ಬಂದಿದೆಯೇ? ನಾಲ್ಕು ವರದಿ ಹೀಗೆ ಓದಿದರೆ ಒಳ್ಳೆಯ ಸಮೀಕ್ಷೆ ಹೇಗಿರಬೇಕು ಎಂದು ತಾನಾಗಿ ತಿಳಿಯುತ್ತದೆ. ಅಹವಾಲು ಸಭೆಯಲ್ಲಿ ಕೂಗಾಡಿದ ಮಾತಿಗಿಂತ ‘ಪುಟ ಇಷ್ಟರ ಪಟ್ಟಿಯಲ್ಲಿ ಇದು ಬಿಟ್ಟುಹೋಗಿದೆ, ನಾವು ಇಂಥ ದಿನ ಇಲ್ಲಿ ನೋಡಿದ್ದೇವೆ’ ಎಂದು ಬರೆದುಕೊಟ್ಟ ಒಂದು ಹಾಳೆಗೆ ತೂಕ ಜಾಸ್ತಿ. ನಡಾವಳಿಯಲ್ಲಿ ಅದು ಉಳಿಯುತ್ತದೆ.

ಮಣ್ಣು-ನೀರಿನ ಕಡೆ ಒಲವು ಇರುವವರಿಗೆ ದೂರ ಹೋಗುವ ಅಗತ್ಯವೇ ಇಲ್ಲ. ಬಳ್ಳಾರಿಯಲ್ಲಿ 1954ರಿಂದ ಮಣ್ಣು ಮತ್ತು ನೀರು ಸಂರಕ್ಷಣೆಯ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರ ಇದೆ. ಎರೆ ಮಣ್ಣು ಮಳೆಗೆ ಹೇಗೆ ಕೊಚ್ಚಿ ಹೋಗುತ್ತದೆ, ಒಡ್ಡು ಹೇಗೆ ಹಾಕಬೇಕು ಎಂಬುದರ ಮೇಲೆ ಅಲ್ಲಿ ದಶಕಗಳ ಕೆಲಸ ನಡೆದಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು-ಜವಳು ಭೂಮಿಯ ಅಧ್ಯಯನ ನಡೆಯುತ್ತದೆ. ಕಾಲುವೆ ನೀರು ಬಂದ ಮೇಲೆ ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆ ಭತ್ತ ಬಂತು, ದುಡ್ಡು ಬಂತು. ತಗ್ಗಿನ ಹೊಲಗಳಲ್ಲಿ ಬಿಳಿ ಉಪ್ಪೂ ಮೇಲೆ ಬಂತು. ತುಂಗಭದ್ರಾ ಡ್ಯಾಮ್ ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ ಲೆಕ್ಕ ಹಿಡಿಯುವುದು 105.788. ನಡುವಿನ ವ್ಯತ್ಯಾಸ ಎಲ್ಲ ಹೂಳು, ಮೇಲಿನ ಹೊಲ-ಗುಡ್ಡಗಳಿಂದ ಬಂದ ಮಣ್ಣು. ಡ್ಯಾಮಿನ ಮಟ್ಟ, ಒಳಹರಿವು ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆಯ ಅಂಕಿ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿದೆ. ಎರಡನ್ನೂ ಒಂದು ವರ್ಷ ಬರೆದಿಟ್ಟುಕೊಂಡರೂ ನಮ್ಮ ನೀರಿನ ಕಥೆ ಅರ್ಥವಾಗತೊಡಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಕುರಿಗಾಹಿಗಳ ಮಾತನ್ನು. ವರ್ಷದ ಬಹುಪಾಲು ಬಯಲಲ್ಲೇ ಕಳೆಯುವ ಇವರಿಗೆ ಗೊತ್ತಿರುವಷ್ಟು ಹುಲ್ಲಿನ ಬಗ್ಗೆ, ತೋಳದ ಬಗ್ಗೆ ನಮಗೆ ಯಾರಿಗೂ ಗೊತ್ತಿಲ್ಲ. ಕೊಪ್ಪಳದ ಹತ್ತಿರ ಒಬ್ಬ ಹಿರಿಯರು ಮಳೆ ನಿಂತ ಮರುದಿನ ಕೆಸರಿನಲ್ಲಿ ಹೆಜ್ಜೆ ತೋರಿಸಿದರು. ನನ್ನ ಜೊತೆ ಇದ್ದ ಹುಡುಗ ನಾಯಿಯದು ಎಂದ. ಅವರು ಕೋಲಿನಿಂದ ಹೆಜ್ಜೆಯ ಸಾಲು ತೋರಿಸುತ್ತಾ ಹೇಳಿದರು: ‘ಇಲ್ನೋಡು ತಮ್ಮಾ, ನಾಯಿ ಆದ್ರ ಅತ್ಲಾಗ ಇತ್ಲಾಗ ಮೂಸ್ಕೊಂತ ಹೋಗತೈತಿ. ಇದು ನೆಟ್ಟಗ ಹೋಗೈತಿ ನೋಡು. ತ್ವಾಳಂದು.’ ಬಗ್ಗಿ ನೋಡಿದರೆ ಹೆಜ್ಜೆ ಉದ್ದಕ್ಕಿತ್ತು, ಮುಂದಿನ ಎರಡು ಬೆರಳು ಒತ್ತಾಗಿದ್ದವು, ಉಗುರು ನೇರ ಮುಂದಕ್ಕೆ ಚುಚ್ಚಿತ್ತು. ಹಿಂದಿನ ಕಾಲು ಹೆಚ್ಚುಕಡಿಮೆ ಮುಂದಿನ ಕಾಲಿನ ಗುರುತಿನ ಮೇಲೆಯೇ ಬಿದ್ದಿತ್ತು. ಕೈಪಿಡಿಗಳು ಹೇಳುವುದೂ ಇದನ್ನೇ. ತೋಳ ಅವರ ಮರಿ ಒಯ್ಯುತ್ತದೆ, ಅದು ಅವರಿಗೆ ನಿಜವಾದ ನಷ್ಟ. ಆದರೂ ತೋಳ ಇರಲೇಬಾರದು ಎಂದು ಅವರು ಹೇಳಲಿಲ್ಲ.

ಕುರಿಗಾಹಿಗಳ ಹತ್ತಿರ ಹೋಗುವಾಗ ಪ್ರಶ್ನೆಪಟ್ಟಿ ಹಿಡಿದು ಹೋಗಬೇಡಿ. ಹಿಂಡು ನಿಂತಿರುವ ಕಡೆ ಹೋಗಿ ಕೂತುಕೊಳ್ಳಿ. ಯಾವ ತಿಂಗಳು ಯಾವ ಊರು, ಯಾವ ಹೊಲದಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸುತ್ತಾರೆ, ಯಾವ ಗಾಯರಾಣ ಈಗ ಬೇಲಿ ಬಿದ್ದು ಮುಚ್ಚಿದೆ, ಇವನ್ನೆಲ್ಲ ಅವರು ಮಾತಿನ ನಡುವೆ ಹೇಳುತ್ತಾರೆ. ಅವರು ಹೇಳಿದ್ದನ್ನು ಬರೆದರೆ ಅವರದು ಎಂದೇ ಬರೆಯಿರಿ. ಹೆಸರು ಹಾಕಲು ಒಪ್ಪಿಗೆ ಕೇಳಿ. ರೈತರದೂ ಹೀಗೆಯೇ. ಕೊಪ್ಪಳ ಜಿಲ್ಲೆಯಲ್ಲಿ ಕೃಷ್ಣಮೃಗ ಹೊಲಕ್ಕೆ ನುಗ್ಗಿ ಎಳೆ ಪೈರು ಮೇಯುವುದು ಪ್ರತಿ ಹಂಗಾಮಿನ ಗೋಳು. ಕಾಪಾಡಬೇಕು ಎನ್ನುವ ನಾವು ಆ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನೋಟ್‌ಬುಕ್ಕಿನ ಬಗ್ಗೆ ಒಂದೆರಡು ಮಾತು. ‘ಕೆರೆಯಲ್ಲಿ ತುಂಬಾ ಹಕ್ಕಿ ಇದ್ದವು’ ಎಂಬ ಸಾಲು ಯಾರ ಕೆಲಸಕ್ಕೂ ಬರುವುದಿಲ್ಲ. ದಿನಾಂಕ, ಸಮಯ, ಕೆರೆಯ ಯಾವ ದಂಡೆ, ನೀರು ಎಷ್ಟಿತ್ತು, ಎಷ್ಟು ಹೊತ್ತು ನೋಡಿದಿರಿ, ಹಕ್ಕಿ ಏನು ಮಾಡುತ್ತಿತ್ತು, ಇಷ್ಟಿರಲಿ. ಊರವರು ಕರೆಯುವ ಹೆಸರನ್ನು ಮೊದಲು ಬರೆಯಿರಿ, ಪಕ್ಕದಲ್ಲಿ ವೈಜ್ಞಾನಿಕ ಹೆಸರು. ಕನ್ನಡದಲ್ಲೇ ಬರೆಯಿರಿ. ಪ್ರಾಣಿಯನ್ನೇ ಕಾಣಬೇಕು ಎಂಬ ಹಟ ಬೇಡ. ದರೋಜಿಯಲ್ಲಿ ಬಂಡೆಗೆ ಬೆಲ್ಲ ಸವರಿ ವೀಕ್ಷಣಾ ಗೋಪುರದಿಂದ ಕರಡಿ ತೋರಿಸುವ ರೂಢಿ ನಡೆದುಬಂದಿದೆ. ಪ್ರವಾಸಿಗರಿಗೆ ಅದು ಸರಿ. ಕರಡಿ ತಾನಾಗಿ ಏನು ತಿನ್ನುತ್ತದೆ ಎಂದು ತಿಳಿಯುವುದು ಅದರ ಹಿಕ್ಕೆಯಿಂದ, ಅದರಲ್ಲಿ ಉಳಿದ ಬೋರೆ ಬೀಜದಿಂದ, ಗೆದ್ದಲಿನ ಚೂರಿನಿಂದ. ತುಂಗಭದ್ರೆಯ ಬಂಡೆಗಳ ಮೇಲೆ ನೀರುನಾಯಿಯ ಹಿಕ್ಕೆ ಒಣಗಿ ಬಿದ್ದಿರುತ್ತದೆ. ಕಡ್ಡಿಯಿಂದ ಬಿಡಿಸಿದರೆ ಮೀನಿನ ಪೊರೆ, ಸಣ್ಣ ಮುಳ್ಳು, ಕೆಲವೊಮ್ಮೆ ಏಡಿಯ ಚಿಪ್ಪು. ಒಂದು ಬಂಡೆಗೆ ಪ್ರತಿ ತಿಂಗಳು ಹೋಗಿ ಇದನ್ನೇ ಬರೆದಿಟ್ಟರೆ ನದಿಯಲ್ಲಿ ಮೀನು ಹೇಗಿದೆ ಎಂಬುದೂ ಗೊತ್ತಾಗುತ್ತದೆ.

ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ಏನನ್ನೂ ಹಿಡಿದು ತರಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಗಿಯಾಗಿದೆ. ಎರೆಭೂತ ಕಂಡ ಹೊಲ, ತೋಳದ ಗುಹೆ, ಇವುಗಳ ಜಾಗವನ್ನು ವಾಟ್ಸಾಪಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ದಯವಿಟ್ಟು ಹಾಕಬೇಡಿ. ಫೋಟೋ ಹುಚ್ಚಿನವರು ಗುಂಪಾಗಿ ಬಂದರೆ ತೋಳ ಮರಿಗಳನ್ನು ಬೇರೆ ಕಡೆ ಸಾಗಿಸುತ್ತದೆ. ಅಪಾಯದಲ್ಲಿರುವ ಜೀವಿಗಳ ಜಾಗವನ್ನು ಇ-ಬರ್ಡ್, ಐನ್ಯಾಚುರಲಿಸ್ಟ್ ತಾವೇ ಮರೆಮಾಡುತ್ತವೆ. ನಾವೂ ಅಷ್ಟು ಮಾಡಬಹುದು.

ಇನ್ನು ಬರೆದಿಟ್ಟದ್ದನ್ನು ಏನು ಮಾಡುವುದು? 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಬೀಜ, ತಿಳಿವಳಿಕೆಯನ್ನೆಲ್ಲ ಬರೆದ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಅದನ್ನು ನೋಡಲು ಕೇಳಿ. ಎಷ್ಟೋ ಕಡೆ ಅವಸರದಲ್ಲಿ ತುಂಬಿದ್ದು ಕಾಣುತ್ತದೆ. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಪಹಣಿ ತೆಗೆದರೆ ಅದು ಗೋಮಾಳವೋ, ಖರಾಬೋ, ಯಾರದೋ ಪಟ್ಟಾ ಜಮೀನೋ ಎಂದು ತಿಳಿಯುತ್ತದೆ. ಒಂದು ಗೋಮಾಳ ಆರಿಸಿಕೊಳ್ಳಿ. ವರ್ಷದ ಎಲ್ಲ ಕಾಲದಲ್ಲೂ ನೋಡಿ. ಸರ್ವೆ ನಂಬರ್ ಸಮೇತ ಪಟ್ಟಿ ಮಾಡಿ, ದಾಖಲಾತಿಗೆ ಸೇರಿಸಿ ಎಂದು ಒಂದು ಪತ್ರ ಬರೆದು ಪಿಡಿಒ ಅವರಿಗೆ ಕೊಡಿ. ಇನ್ನೊಂದು ಪ್ರತಿ ವಲಯ ಅರಣ್ಯಾಧಿಕಾರಿ ಕಚೇರಿಗೆ, ಮತ್ತೊಂದು ರಾಜ್ಯ ಜೀವವೈವಿಧ್ಯ ಮಂಡಳಿಗೆ ಹೋಗಲಿ. ಕೈಯಾರೆ ಕೊಟ್ಟ ಕಡೆ ದಿನಾಂಕ ಸಮೇತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ, ಅಂಚೆಯಲ್ಲಿ ಕಳಿಸಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಮುಂದೊಂದು ದಿನ ಆ ಗೋಮಾಳವನ್ನು ಯಾರಿಗೋ ಕೊಡುವ ಮಾತು ಬಂದು ಅಹವಾಲು ಸಭೆ ನಡೆದರೆ, ಜಿಲ್ಲಾಧಿಕಾರಿಗಳ ಮುಂದೆ ಇಡಬೇಕಾದದ್ದು ಆ ಮೊಹರು ಇರುವ ಪ್ರತಿಯನ್ನು.